ಹೆಗಲು ಮುಟ್ಟಿಕೊಂಡವರೆಲ್ಲ ಕಳ್ಳರೇ?

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈ ಗಾದೆಯ ಜಾಣತನವೆಲ್ಲ ಬೂದಿಯಲ್ಲಿದೆ. ಬಲಿತ ಬೂದುಗುಂಬಳ ಹೊತ್ತರೆ ಹೆಗಲಿಗೆ ಬಿಳಿ ಪುಡಿ ಅಂಟುತ್ತದೆ. ಅದರ ನೆನಪಾಗುವುದು ಕದ್ದವನಿಗೆ ಮಾತ್ರ ಎಂಬುದು ಗಾದೆಯ ಲೆಕ್ಕ. ನನ್ನ ತಕರಾರು ಇರುವುದು ಇಲ್ಲೇ. ಕುಂಬಳಕಾಯಿಯನ್ನು ಬೆಳೆದವನೂ ಹೆಗಲ ಮೇಲೆಯೇ ಹೊತ್ತು ತಂದದ್ದು, ಸಂತೆಗೆ ಒಯ್ದವನೂ ಅಷ್ಟೆ. ಪಂಚಾಯಿತಿಯಲ್ಲಿ ಯಾರೋ ಗದರಿದರೆ ಅವರ ಕೈಯೂ ಹೆಗಲಿಗೆ ಹೋದೀತು.

ಪಾಣೆಮಂಗಳೂರಿನಂಥ ಊರಿನಲ್ಲಿ ಈ ಗಾದೆ ಈಗ ಆಫರ್ ಲೆಟರ್ ಬಂದ ಮನೆಗಳಲ್ಲಿ ಜೀವಂತವಾಗಿದೆ. ನೇತ್ರಾವತಿ ದಾಟಿ ಬಿ.ಸಿ.ರೋಡಿನಲ್ಲಿ ಬೆಂಗಳೂರಿನ ಬಸ್ಸು ಹತ್ತಬೇಕಾದವರಿಗೆ ಬರುವ ಪತ್ರದಲ್ಲಿ ಸಂಬಳದ ಅಂಕಿಯ ಕೆಳಗೆ ಇನ್ನೊಂದು ಸಾಲಿರುತ್ತದೆ: ಪೂರ್ವಾಪರ ಪರಿಶೀಲನೆಗೆ ಒಳಪಟ್ಟು. ಅವರ ಬಾಯಲ್ಲಿ ಅದು ಬಿಜಿವಿ. ಸಿಹಿ ಹಂಚಿಯಾಗಿದೆ, ಬಿಜಿವಿ ಮುಗಿದಿಲ್ಲ. ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಇನಿಷಿಯಲ್, ಆಧಾರ್‌ನಲ್ಲಿ ಪೂರ್ತಿ ಹೆಸರು. ಹಿಂದಿನ ಕೆಲಸದ ಅವಧಿ ರೆಸ್ಯೂಮೆಯಲ್ಲಿ ಒಂದು, ಪಿ.ಎಫ್. ಖಾತೆಯಲ್ಲಿ ಇನ್ನೊಂದು. ಪಿ.ಎಫ್.ಗೆ 2014ರಲ್ಲಿ ಬಂದ ಯುಎಎನ್ ಸಂಖ್ಯೆಯ ಕೆಳಗೆ ಸೇರಿದ ತಾರೀಖು, ಬಿಟ್ಟ ತಾರೀಖು ಎಲ್ಲ ಸಾಲಾಗಿ ನಿಂತಿರುತ್ತವೆ. ಕಾರ್ಪೊರೇಷನ್ ಬ್ಯಾಂಕಿನಲ್ಲಿ ದುಡಿದವರ ಪಾಡು ಇನ್ನೂ ತಮಾಷೆ: 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಆ ಬ್ಯಾಂಕು 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನೊಳಗೆ ಕರಗಿತು. ಅನುಭವ ಉಳಿದಿದೆ, ಕೊಟ್ಟವರ ಬೋರ್ಡೇ ಇಲ್ಲ.

ಇದರಲ್ಲಿ ಕಳ್ಳತನ ಎಲ್ಲಿದೆ? ಆದರೂ ನಡುರಾತ್ರಿ ಎದ್ದು ಕಡತ ತೆರೆದು ನೋಡುತ್ತಾರೆ. ಠಾಣೆಯಿಂದ ವೆರಿಫಿಕೇಶನ್‌ಗೆಂದು ಯಾರಾದರೂ ಬಂದರಂತೂ ಬೀದಿಗೆ ಬೀದಿಯೇ ಕೇಳುತ್ತದೆ, ಏನಾಯಿತಂತೆ?

ಹಿಂದೆಯೂ ವಿಚಾರಿಸುತ್ತಿದ್ದರು. ಯಾರ ಮಗ, ಯಾವ ಮನೆ, ಹೆಡ್‌ಮಾಸ್ತರರು ನಡತೆ ಪತ್ರ ಕೊಟ್ಟಾರೆಯೇ? ಕೇಳುವವರು ಎದುರಿಗೆ ಕೂತು ಮುಖ ಓದುತ್ತಿದ್ದರು. ಗಾದೆ ನಡೆಯುವುದು ಆ ಲೋಕದಲ್ಲಿ. ಅಲ್ಲಿ ಮನೆತನಕ್ಕೆ, ಜಾತಿಗೆ ಬಿದ್ದ ಅಂಕವನ್ನು ಯಾರೂ ಬರೆದಿಡಲಿಲ್ಲವಾದ್ದರಿಂದ ಹಳೆಯದನ್ನು ಹೊಗಳಲು ನನಗೆ ಮನಸ್ಸಿಲ್ಲ. ಈಗ ಪರಿಶೀಲಿಸುವವನು ಬೇರೆ ಊರಿನ ಏಜೆನ್ಸಿಯವನು. ನಮ್ಮ ಕೈ ಹೆಗಲಿಗೆ ಹೋದದ್ದು ಅವನಿಗೆ ಕಾಣುವುದೇ ಇಲ್ಲ. ಅವನು ಒಂದು ಕಾಗದವನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡುತ್ತಾನೆ, ಅಷ್ಟೆ. ಆದ್ದರಿಂದ ನಮ್ಮ ಅಂಜಿಕೆ ನಮ್ಮ ವಿರುದ್ಧ ಸಾಕ್ಷಿಯಾಗಲಾರದು.

ಅಂಜಿಕೆ ಕೆಡಿಸುವುದು ಬೇರೆಡೆ. ಫಾರಂ ತುಂಬುವಾಗ ‘ಇಲ್ಲ’ ಎಂದು ಬರೆಸುತ್ತದೆ. ದೆಹಲಿ ಪೊಲೀಸ್ ಹೆಡ್ ಕಾನ್ಸ್‌ಟೇಬಲ್ ಹುದ್ದೆಗೆ 1999ರಲ್ಲಿ ಅರ್ಜಿ ಹಾಕಿದ ಯುವಕನೊಬ್ಬ ಮಾಡಿದ್ದೂ ಅದೇ. ಮನೆಯ ಬಾಡಿಗೆದಾರನ ಜೊತೆ ಆದ ಜಗಳದ ಕೇಸು ರಾಜಿಯಾಗಿ ಮುಗಿದಿತ್ತು, ಅರ್ಜಿಯಲ್ಲಿ ಅದನ್ನು ಬರೆಯಲಿಲ್ಲ. ಆಮೇಲಿನ ಫಾರಂನಲ್ಲಿ ತಾನೇ ಹೇಳಿದ. ಆಯ್ಕೆ ರದ್ದಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅವನ ಪರ ನಿಂತಿತು. ಹೇಳಿದರೆ ಕೆಲಸ ಕೈತಪ್ಪೀತೆಂಬ ಭಯದಿಂದ ಮುಚ್ಚಿಟ್ಟಿರಬಹುದು ಎಂದು ಅರ್ಥಮಾಡಿಕೊಂಡಿತು. ಕಾದಂಬರಿಯಲ್ಲಿ ರೊಟ್ಟಿ ಕದ್ದ ಜೀನ್ ವಾಲ್ಜೀನನನ್ನೂ ನೆನಪಿಸಿತು. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಈ ವಿಷಯವನ್ನು ಓರಣಗೊಳಿಸಿತು. ಕೇಳಿದ ಮಾಹಿತಿ ನಿಜವಿರಬೇಕು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೆ ಉದ್ಯೋಗದಾತ ಮನ್ನಿಸಬಹುದು. ಫಾರಂನಲ್ಲಿ ನಿರ್ದಿಷ್ಟವಾಗಿ ಕೇಳದ್ದನ್ನು ಹೇಳಲಿಲ್ಲವೆಂದು ಹಿಡಿಯುವಂತಿಲ್ಲ. ಬಂದ್, ಮೆರವಣಿಗೆಗಳಿಗೆ ಬರವಿಲ್ಲದ ನಮ್ಮ ಜಿಲ್ಲೆಯ ಹುಡುಗರಿಗೆ ಇದು ಗೊತ್ತಿರಬೇಕು. ಹಾಗೆಂದು, ಇದ್ದದ್ದು ಹೇಳಿದವನಿಗೆ ಕೆಲಸ ಕೊಡಲೇಬೇಕೆಂದೂ ಆ ತೀರ್ಪು ಹೇಳಿಲ್ಲ. ಅದೆಲ್ಲ ಸರ್ಕಾರಿ ನೌಕರಿಯ ಮಾತು. ಖಾಸಗಿ ಕಂಪನಿಯಲ್ಲಿ ಸಹಿ ಹಾಕಿದ ಕರಾರೇ ಮುಖ್ಯ.

ಆ ಕರಾರು ಒಮ್ಮುಖವಾದದ್ದು. ಹಳೆಯ ಕೆಲಸಕ್ಕೆ ರಾಜೀನಾಮೆ ಈಗಲೇ ಬೇಕು, ಬಿಜಿವಿ ಮಾತ್ರ ಸೇರಿದ ಮೇಲೂ ಮುಗಿಯದಿರಬಹುದು. ರಾಜೀನಾಮೆಗೆ ಮೊದಲು ಲಿಖಿತವಾಗಿ ‘ಕ್ಲಿಯರ್’ ಎಂದು ಹೇಳಿಸಿಕೊಳ್ಳುವುದು ಕೆಲಸಕ್ಕೆ ಸೇರುವವರ ಹಕ್ಕೆಂದು ನಾನು ತಿಳಿಯುತ್ತೇನೆ. ವರದಿಯಲ್ಲಿ ತಪ್ಪಿದ್ದರೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮ ಮಾಹಿತಿ ತಿದ್ದಿಸಿಕೊಳ್ಳುವ ಹಕ್ಕಿನ ಮಾತಿದೆ. ಅದನ್ನು ನೆಚ್ಚಿ ಎಚ್.ಆರ್.ಗೆ ಇಮೇಲ್ ಬರೆಯುವ ಮೊದಲಿಗರು ಯಾರೋ ನೋಡಬೇಕು.