ಹೂ ಮಾರಿದ ಊರಲ್ಲಿ ಹುಲ್ಲು

ಹೂ ಮಾರಿದ ಊರಲ್ಲಿ ಹುಲ್ಲು ಮಾರಬಾರದು ಅನ್ನುತ್ತದೆ ನಮ್ಮ ಗಾದೆ. ಇದೇ ಮಾತು ತೆಲುಗಿನವರ ಬಾಯಲ್ಲಿ ಬರುವಾಗ ಹುಲ್ಲಿನ ಜಾಗಕ್ಕೆ ಕಟ್ಟಿಗೆ ಬಂದು ಕೂರುತ್ತದೆ. ಎರಡೂ ಭಾಷೆ ಮನೆಯೊಳಗೇ ಇರುವ, ತೆಲಂಗಾಣದ ಗಡಿಯ ನಾರಾಯಣಪೇಟೆ, ಮಕ್ತಲ್ ಕಡೆಯವರಿಗೆ ಎರಡೂ ಗೊತ್ತು. ತಲೆಯೆತ್ತಿ ಬಾಳಿದ ಜಾಗದಲ್ಲೇ ತಲೆತಗ್ಗಿಸುವ ಕಾಲ ಬರದಿರಲಿ ಎಂದು ನೊಂದ ಜೀವ ಆಡಿದ ಮಾತಿದು. ಆ ನೋವಿನ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಹೂವನ್ನು ಮೇಲಿಟ್ಟು ಹುಲ್ಲು, ಕಟ್ಟಿಗೆಗಳನ್ನು ಕೆಳಗಿಟ್ಟದ್ದಕ್ಕೆ.

ಯಾಕೆಂದರೆ ಈ ಸೀಮೆಯ ದೊಡ್ಡ ಹೂಗಳೆಲ್ಲ ಹುಲ್ಲು, ಕಟ್ಟಿಗೆಗಳ ಕುಲದವೇ. ಚೈತ್ರ ಬರುವ ಹೊತ್ತಿಗೆ ಇಲ್ಲಿನ ಬಯಲು ಬಣವೆಯ ಬಣ್ಣಕ್ಕೆ ತಿರುಗಿರುತ್ತದೆ. ಆಗಿನ ವಸಂತ ಮರಗಳದ್ದು. ಎಲೆಯುದುರಿದ ಮುತ್ತಲದ ಮರ ಕೆಂಡದಂತೆ ಹೂಬಿಟ್ಟು ಹೋಳಿ ಹಬ್ಬಕ್ಕೆ ಬಣ್ಣ ಕೊಡುತ್ತದೆ. ನೆಲದ ವಸಂತಕ್ಕೆ ಮಳೆಗಾಲ ಕಳೆಯಬೇಕು. ಭಾದ್ರಪದ ಮುಗಿಯುವ ಹೊತ್ತಿಗೆ ಬಯಲ ತುಂಬ ತಂಗಡಿಯ ಹಳದಿ, ಜೋಳ ತೊಗರಿಯ ಸಾಲುಗಳ ನಡುವೆ ಅಣ್ಣೆಯ ಬಿಳಿ ನಸುಗೆಂಪು ತೆನೆ. ತೆಲುಗಿನಲ್ಲಿ ಇವು ತಂಗೇಡು, ಗುನುಗು. ತಂಗಡಿಗೆ ದನ ಅಷ್ಟಾಗಿ ಬಾಯಿಡುವುದಿಲ್ಲ. ಅದರ ತೊಗಟೆ ಚರ್ಮ ಹದಮಾಡಲು, ಒಣಗಿದ ಕಡ್ಡಿ ಒಲೆಗೆ. ಅಣ್ಣೆಯಂತೂ ರೈತನ ಲೆಕ್ಕದಲ್ಲಿ ಕಳೆ. ಮಹಾಲಯ ಅಮಾವಾಸ್ಯೆಯಿಂದ ಒಂಬತ್ತು ದಿನ ಮಾತ್ರ ಆ ಕಟ್ಟಿಗೆಯೂ ಈ ಕಳೆಯೂ ತಟ್ಟೆಯೇರಿ, ಸುತ್ತು ಸುತ್ತಾಗಿ ಗೋಪುರವಾಗಿ, ಬತುಕಮ್ಮ ಎಂಬ ದೇವಿಯಾಗುತ್ತವೆ. ಗಾದೆ ಬೇರೆಮಾಡಿದ್ದನ್ನು ಹೆಣ್ಣುಮಕ್ಕಳ ಬೆರಳು ಒಂದುಮಾಡುತ್ತದೆ.

2014ರಲ್ಲಿ ಹುಟ್ಟಿದ ತೆಲಂಗಾಣ ತನ್ನ ರಾಜ್ಯಪುಷ್ಪವಾಗಿ ಆರಿಸಿಕೊಂಡದ್ದೂ ತಂಗಡಿಯನ್ನೇ. ನಮ್ಮ ಕರ್ನಾಟಕದ್ದು ತಾವರೆ, ಕಾವ್ಯದಲ್ಲೂ ಗುಡಿಯಲ್ಲೂ ಸಾವಿರ ವರ್ಷ ಮೆರೆದ ಹೂವು. ದಾರಿಬದಿಯ ಪೊದೆಗೆ ಆ ಪಟ್ಟ ಕಟ್ಟಿದ್ದನ್ನು ಕಂಡು ನನಗೆ ನೆರೆಯವರ ಮೇಲೆ ಗೌರವ ಹೆಚ್ಚಿತು. ಹಕ್ಕಿ ಮಾತ್ರ ಇಬ್ಬರಿಗೂ ಒಂದೇ, ನೀಲಕಂಠ. ಗಡಿಯೂ ಅಷ್ಟು ಹಳೆಯದಲ್ಲ. ಈಗ ತೆಲಂಗಾಣದಲ್ಲಿರುವ ಗದ್ವಾಲ್, ಆಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಕೃಷ್ಣೆ ತೆಲಂಗಾಣಕ್ಕೆ ಕಾಲಿಡುವ ಊರಿನ ಹೆಸರು ತಂಗಡಿ. ಗಿಡದಿಂದ ಊರಿಗೆ ಹೆಸರು ಬಂತೆಂದು ನಾನು ಹೇಳುತ್ತಿಲ್ಲ, ಆದರೆ ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಕಣ್ಣಿಗೆ ಹಳದಿಯೇ ಕಟ್ಟುತ್ತದೆ.

ಹುಲ್ಲನ್ನು ಕೀಳಾಗಿ ಕಂಡ ಗಾದೆ ಬಾಯಲ್ಲಷ್ಟೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಅದು ದಫ್ತರಕ್ಕೂ ನುಗ್ಗಿದೆ. ಬೆಳೆ ಇಲ್ಲದ, ಮರ ಇಲ್ಲದ ನೆಲಕ್ಕೆ ಅಲ್ಲಿ ಬಂಜರು ಎಂದು ಹೆಸರು. ಬಂಜರೆಂದ ಮೇಲೆ ಉಳಬಹುದು, ಅಗೆಯಬಹುದು, ಬೇಲಿ ಹಾಕಬಹುದು. ಊರ ದನಗಳು ಮೇಯುವ ಗಾಯರಾಣ ಹೀಗೆಯೇ ಸವೆಯುತ್ತದೆ. ಕೃಷ್ಣೆಯ ದಡದ ಈ ಬಯಲಲ್ಲಿ ಹಿಂಡುಹಿಂಡಾಗಿ ತಿರುಗುವ ಕೃಷ್ಣಮೃಗಗಳು ಹೊಲಕ್ಕೆ ನುಗ್ಗಿದವೆಂದು ರೈತ ಗೋಳಾಡುತ್ತಾನೆ; ಅವನ ನಷ್ಟ ನಿಜ. ಹುಲ್ಲಿನ ಜಾಗವೆಲ್ಲ ಹೊಲವಾದರೆ ಹುಲ್ಲೆ ಎಲ್ಲಿಗೆ ಹೋಗಬೇಕು? ಇದೇ ಸೀಮೆಯ ಮುಡುಮಾಲದ ನಿಲುವುಗಲ್ಲುಗಳು, ಮೂರು ಸಾವಿರ ವರ್ಷಕ್ಕೂ ಹಳೆಯವು, 2025ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದವು. ತುಂಬ ಸಂತೋಷ. ಆ ಕಲ್ಲುಗಳ ಬುಡದ ಹುಲ್ಲಿಗೂ ಅದರೊಳಗಿನ ಹೂವಿಗೂ ಒಂದು ಪಟ್ಟಿ ಬೇಕು ಅನ್ನಿಸುತ್ತದೆ ನನಗೆ.

ಕಳೆನಾಶಕ ಹೊಡೆದ ಹೊಲದಲ್ಲಿ ಅಣ್ಣೆ ಏಳುವುದಿಲ್ಲ. ಬತುಕಮ್ಮ ಹಬ್ಬಕ್ಕೆ ಆಗ ಪೇಟೆಯಿಂದ ಚೆಂಡುಹೂ ತರಬೇಕು. ಅದು ಮೆಕ್ಸಿಕೊದಿಂದ ಬಂದ ಗಿಡ, ಈಗ ನಮ್ಮದೇ ಆಗಿದೆ, ಬೇಡವೆನ್ನಲಾರೆ. ಆದರೆ ಅದನ್ನು ಮಾರುತ್ತಾರೆ, ಕೊಳ್ಳುತ್ತಾರೆ. ತಂಗಡಿಗೂ ಅಣ್ಣೆಗೂ ಹಳ್ಳಿಯಲ್ಲಿ ಯಾರೂ ಕಾಸು ಕೊಟ್ಟವರಲ್ಲ, ನಸುಕಿನಲ್ಲಿ ಎದ್ದು ಹೋಗಿ ಕೊಯ್ದು ತಂದವರು. ಹೂ ಕೊಯ್ಯುವಾಗ ಅಣ್ಣೆಯ ತೆನೆಯಿಂದ ಕರಿ ಮಿಂಚಿನ ಸಣ್ಣ ಬೀಜ ಸೀರೆಯ ನೆರಿಗೆಗೆ ಉದುರುತ್ತದೆ. ಮುಂದಿನ ಮಳೆಗೆ ಅದು ಸಾಲಿನಲ್ಲಿ ಮತ್ತೆ ಹುಟ್ಟುತ್ತದೆ. ಅದೇ ಕೈ ಅದನ್ನು ಕಳೆಯೆಂದು ಕಿತ್ತು, ಎಳೆಯದನ್ನು ಆರಿಸಿ ಮಡಿಲಿಗೆ ಹಾಕಿಕೊಂಡು ಬಂದು ಬೇಳೆಯೊಡನೆ ಬೇಯಿಸುತ್ತದೆ.