ಕವಲುಕಥೆಯ ಋಣ

ಜನಮನದಲ್ಲಿ ನೆಲೆಗೊಂಡ ದೊಡ್ಡ ಕಥೆಯೊಂದರಿಂದ ಸಣ್ಣ ಕಥೆಯೊಂದು ಕವಲೊಡೆದು ಬಂದಾಗ ಓದುಗರಲ್ಲಿ ಎರಡು ಬಗೆಯ ಮಾತುಗಳು ಏಳುವುದುಂಟು. ಪರಿಚಿತ ಲೋಕಕ್ಕೆ ಮರಳಿ ಹೋಗಲು ಹೊಸ ಬಾಗಿಲು ತೆರೆಯಿತೆಂದು ಕೆಲವರು ಹಿಗ್ಗುತ್ತಾರೆ. ಇದು ನಾವು ಪ್ರೀತಿಸಿದ ಕಥೆಯಲ್ಲ, ಅದರ ಹೆಸರು ಹೇಳಿಕೊಂಡು ಬಂದ ಬೇರೆ ಯಾವುದೋ ಒಂದು ಎಂದು ಮತ್ತೆ ಕೆಲವರು ಮುನಿಯುತ್ತಾರೆ. ಹ್ಯಾರಿ ಪಾಟರ್ ಕಥಾಮಾಲೆಯ ಏಳೂ ಸಂಪುಟಗಳನ್ನು ಓದಿ ಮುಗಿಸಿದ ನಮ್ಮ ಮನೆಗಳ ಮಕ್ಕಳು, ಅದರ ಬೆನ್ನಿಗೇ 2008ರಲ್ಲಿ ಬಂದ ಬೀಡಲ್‌ನ ಕಥೆಗಳ ಕಿರುಹೊತ್ತಗೆಯನ್ನು ತೆರೆದು "ಇದರಲ್ಲಿ ಹ್ಯಾರಿಯೇ ಇಲ್ಲವಲ್ಲ" ಎಂದು ಮುಖ ಸಣ್ಣದು ಮಾಡುವುದೂ ಇದೇ ಮುನಿಸಿನ ಒಂದು ರೂಪ. ಮಕ್ಕಳ ಚಪಲವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಹಿರಿಯ ಕೃತಿಯ ಮೇಲೆ ಜನರು ಇಟ್ಟ ನಂಬಿಕೆಯನ್ನು ಕಿರಿಯ ಕೃತಿಯ ಕರ್ತೃ ಸಾಲವಾಗಿ ಪಡೆಯುತ್ತಾನೆ. ಆ ಸಾಲ ಯಾವಾಗ ನ್ಯಾಯ, ಯಾವಾಗ ಮೋಸ ಎಂಬ ಪ್ರಶ್ನೆ ಧರ್ಮದ ಪ್ರಶ್ನೆಯೇ ಆಗಿದೆ.

ಕನ್ನಡದಲ್ಲಿ ಈ ಪ್ರಶ್ನೆಯನ್ನು ಪರೀಕ್ಷಿಸಲು ಕನಕದಾಸರ 'ರಾಮಧಾನ್ಯ ಚರಿತ್ರೆ'ಗಿಂತ ತಕ್ಕ ನಿದರ್ಶನ ನನಗೆ ಕಾಣದು. ಭಾಮಿನಿ ಷಟ್ಪದಿಯ ಪುಟ್ಟ ಕಾವ್ಯವದು. ರಾವಣವಧೆಯ ಬಳಿಕ ಅಯೋಧ್ಯೆಗೆ ಮರಳುವ ಶ್ರೀರಾಮನು ದಾರಿಯಲ್ಲಿ ಭರದ್ವಾಜರ ಆಶ್ರಮದಲ್ಲಿ ತಂಗಿದನೆಂದು ವಾಲ್ಮೀಕಿಯಲ್ಲಿದೆ. ಆ ಪಯಣದ ಬಿಡುವಿನೊಳಗೆ ಕನಕದಾಸರು ಮತ್ತೊಂದು ಆಶ್ರಮವನ್ನೂ ಮತ್ತೊಂದು ಔತಣವನ್ನೂ ಮೆಲ್ಲನೆ ಸೇರಿಸುತ್ತಾರೆ. ಊಟದ ನಂತರ ಧಾನ್ಯಗಳಲ್ಲಿ ಶ್ರೇಷ್ಠವಾದುದು ಯಾವುದೆಂಬ ಜಿಜ್ಞಾಸೆ ಹುಟ್ಟುತ್ತದೆ. ಗೌತಮ ಮುನಿಯು ನರೆದಲೆಗ, ಎಂದರೆ ರಾಗಿ, ಎನ್ನುತ್ತಾನೆ. ಒಡನೆಯೇ ಭತ್ತವು ಮಾತು ಕಲಿತು ಎದ್ದು ನಿಲ್ಲುತ್ತದೆ! ದೇವರ ನೈವೇದ್ಯಕ್ಕೂ ಮಂಗಳಕಾರ್ಯಕ್ಕೂ ಸಲ್ಲುವ ತಾನೆಲ್ಲಿ, ಕೀಳುಜನರ ಅನ್ನವಾದ ಇದೆಲ್ಲಿ ಎಂದು ಜರೆಯುತ್ತದೆ. ರಾಗಿಯೂ ಬಿಡುವುದಿಲ್ಲ. ಸಿರಿವಂತರ ಮುಖ ನೋಡಿ ನಡೆಯುವವ ನೀನು, ಬರಗಾಲದಲ್ಲಿ ಬಡವನ ಪ್ರಾಣ ಉಳಿಸಿದವ ನಾನು ಎಂದು ತಿರುಗಿ ನುಡಿಯುತ್ತದೆ. ಜಗಳ ಮಿತಿ ಮೀರಲು ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದು ಸಭೆಗೆ ತಂದಾಗ ಭತ್ತ ಕಳೆಗುಂದಿದೆ, ರಾಗಿ ಹಾಗೆಯೇ ಗಟ್ಟಿಯಾಗಿದೆ. ರಾಮನು ರಾಗಿಗೆ ತನ್ನ 'ರಾಘವ' ಎಂಬ ಹೆಸರನ್ನೇ ಕೊಡುತ್ತಾನೆ. ರಾಘವನಿಂದ ರಾಗಿ ಬಂತೆಂಬ ವ್ಯುತ್ಪತ್ತಿಯನ್ನು ಭಾಷಾಶಾಸ್ತ್ರಜ್ಞರು ಒಪ್ಪಲಿಕ್ಕಿಲ್ಲ. ತಮಿಳಿನ ಕೇಳ್ವರಗಿನಲ್ಲಂತೂ ರಾಘವನ ಸುಳಿವಿಲ್ಲ. ಕವಿಗೆ ಅದರ ಚಿಂತೆಯೂ ಇಲ್ಲ.

ಈ ಕಾವ್ಯವನ್ನು ಓದಿದವರು ತಮ್ಮ ತಮ್ಮ ಪಾಲನ್ನು ಅದರಲ್ಲಿ ಕಂಡಿದ್ದಾರೆ. ಮಕ್ಕಳಿಗೆ ಹೇಳುವ ವಿನೋದದ ಕಥೆಯೆಂದು ಬಗೆದವರಿದ್ದಾರೆ. ಭತ್ತದಲ್ಲಿ ಮೇಲುಜಾತಿಯನ್ನೂ ರಾಗಿಯಲ್ಲಿ ತುಳಿಸಿಕೊಂಡವರನ್ನೂ ಕಂಡ ವಿಮರ್ಶಕರಿದ್ದಾರೆ. ಕನಕದಾಸರು ಕುರುಬ ಸಮುದಾಯದಲ್ಲಿ ಹುಟ್ಟಿದವರೆಂಬುದನ್ನು ನೆನೆದರೆ ಅದು ಬಲವಂತದ ಅರ್ಥವೆನಿಸದು. ರಾಮಕಥೆಯಲ್ಲಿ ಇಲ್ಲದ್ದನ್ನು ರಾಮನ ತಲೆಗೆ ಕಟ್ಟುವುದು ಸರಿಯೇ ಎಂದು ಕೇಳುವವರೂ ಇದ್ದೇ ಇರುತ್ತಾರೆ. ಈ ಕೊನೆಯವರ ಮಾತಿಗೆ ನಾನು ಕಿವಿಗೊಡುತ್ತೇನೆ. ಆದರೆ ಅವರನ್ನು ಒಂದು ಮಾತು ಕೇಳಬೇಕೆನಿಸುತ್ತದೆ. ತೀರ್ಪು ಕೊಟ್ಟವನು ಯಾವುದೋ ಪಾಳೆಯಗಾರನಾಗಿದ್ದರೆ ರಾಗಿಯ ಗೆಲುವಿಗೆ ಬೆಲೆ ಎಷ್ಟು? ನೈವೇದ್ಯದ ಬಲದಿಂದ ಭತ್ತವು ಮೆರೆದದ್ದು. ಆದ್ದರಿಂದ ನೈವೇದ್ಯವನ್ನು ಸ್ವೀಕರಿಸುವವನೇ ತೀರ್ಪುಗಾರನಾಗಬೇಕಿತ್ತು. ರಾಮನಿಲ್ಲದೆ ಆ ಕಥೆಗೆ ಅರ್ಥವೇ ಇಲ್ಲ. ಇಲ್ಲಿ ಸಾಲ ಪಡೆದದ್ದು ಕಥೆಯನ್ನು ಮಾರುವುದಕ್ಕಲ್ಲ, ಮಾತು ಮುಟ್ಟಬೇಕಾದಲ್ಲಿಗೆ ಮುಟ್ಟಲಿ ಎಂಬುದಕ್ಕೆ.

ಇದೇ ವಾದ ನಮ್ಮ ಕಾಲಕ್ಕೆ ಹತ್ತಿರದಲ್ಲಿ ಮತ್ತೂ ಬಿಸಿಯಾಗಿ ನಡೆಯಿತು. ಕುವೆಂಪು ಅವರ 'ಶೂದ್ರ ತಪಸ್ವಿ' ನಾಟಕ 1944ರಲ್ಲಿ ಪ್ರಕಟವಾಯಿತು. ಉತ್ತರಕಾಂಡದಲ್ಲಿ ರಾಮನು ಶಂಬೂಕನನ್ನು ಕೊಲ್ಲುತ್ತಾನೆ. ಕುವೆಂಪು ಅವರ ನಾಟಕದಲ್ಲಿ ರಾಮನ ಬಾಣವು ಶಂಬೂಕನನ್ನು ಬಿಟ್ಟು, ಕೊಲ್ಲೆಂದು ಒತ್ತಾಯಿಸಿದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಆತನು ಅಹಂಕಾರವಳಿದು ತಪಸ್ವಿಗೆ ಕೈಮುಗಿಯುತ್ತಾನೆ. ಮಾಸ್ತಿಯವರು ಇದನ್ನು ಒಪ್ಪಲಿಲ್ಲ. ಇಂದಿನ ಭಾವನೆಯನ್ನು ಹೇಳಬೇಕಾದರೆ ಹೊಸ ಕಥೆಯನ್ನೇ ಕಟ್ಟಬಹುದು, ಹಳೆಯ ಕಥೆಯನ್ನು ಅದಕ್ಕಾಗಿ ತಿರುಚಬಾರದೆಂಬುದು ಅವರ ಆಕ್ಷೇಪದ ತಿರುಳು. ಕುವೆಂಪು ಅದಕ್ಕೆ ಉತ್ತರ ಕೊಟ್ಟರು. ಇಬ್ಬರೂ ಹಿರಿಯರು, ಇಬ್ಬರೂ ರಾಮಾಯಣವನ್ನು ಪ್ರೀತಿಸಿದವರು. ಮಾಸ್ತಿಯವರ ಆಕ್ಷೇಪವನ್ನು ಬರಿಯ ಸಂಪ್ರದಾಯನಿಷ್ಠೆಯೆಂದು ಹಗುರಾಗಿ ಕಾಣುವುದು ಅನ್ಯಾಯ. ನಂಬಿ ಬಂದ ಓದುಗನಿಗೆ, ಅವನಿಗೆ ತಿಳಿಯದಂತೆ ಬೇರೆಯದನ್ನು ಬಡಿಸಬಾರದೆಂಬ ಕಾಳಜಿ ಅದರಲ್ಲಿದೆ. ಆದರೆ ಹೊಸ ಕಥೆ ಬರೆಯಿರಿ ಎಂಬ ಸಲಹೆ ಮಾತ್ರ ನನಗೆ ಸಮಾಧಾನ ಕೊಡದು. ಗಾಯವಾದದ್ದು ಹಳೆಯ ಕಥೆಯಲ್ಲಿ. ಮದ್ದನ್ನು ಬೇರೆಲ್ಲೋ ಹಚ್ಚಿದರೆ ಹೇಗೆ? ಕುವೆಂಪು ತಾವು ಮಾಡಿದ ಬದಲಾವಣೆಯನ್ನು ಬಚ್ಚಿಟ್ಟವರಲ್ಲ. ಸಾಲಪತ್ರವನ್ನು ಎಲ್ಲರೂ ನೋಡುವಂತೆ ತೆರೆದಿಟ್ಟವನನ್ನು ಕಳ್ಳನೆನ್ನಲಾಗದು.

ಪಲ್ಲಡದಂಥ ಊರಿನಲ್ಲಿ ಬಾಳುವ ನಮಗೆ ಈ ಜಿಜ್ಞಾಸೆಗೆ ಇನ್ನೊಂದು ಮುಖವಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ನಮ್ಮ ಮಕ್ಕಳು ರಾಮಾಯಣವೆಂದು ಮೊದಲು ಕಾಣುವುದು ಪಠ್ಯದಲ್ಲಿನ ಕಂಬನನ್ನು. ಕಂಬನಾದರೂ ವಾಲ್ಮೀಕಿಯ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟವನೇ? ವಾಲ್ಮೀಕಿಯ ರಾವಣ ಸೀತೆಯನ್ನು ಹಿಡಿದೆತ್ತಿ ಒಯ್ದರೆ, ಕಂಬನ ರಾವಣ ಅವಳನ್ನು ಮುಟ್ಟದೆ ಪರ್ಣಶಾಲೆಯನ್ನು ನೆಲಸಮೇತ ಕಿತ್ತು ಒಯ್ಯುತ್ತಾನೆ. ವಾಲ್ಮೀಕಿಯಲ್ಲಿಲ್ಲದ ಹಿರಣ್ಯವಧೆಯ ಪ್ರಸಂಗವನ್ನು ಕಂಬನು ಯುದ್ಧಕಾಂಡದೊಳಗೆ ವಿಭೀಷಣನ ಬಾಯಲ್ಲಿ ಹೇಳಿಸುತ್ತಾನೆ. ಮಗ್ಗದ ಮನೆಗಳಲ್ಲಿ ಹಿರಿಯರು ಹೇಳುತ್ತ ಬಂದ ದೇವಲ ಮಹರ್ಷಿಯ ಕಥೆಯೂ ಇಂಥದೇ. ದೇವತೆಗಳಿಗೆ ಬಟ್ಟೆ ನೇಯಲೆಂದು ವಿಷ್ಣುವಿನ ನಾಭಿಕಮಲದಿಂದ ನೂಲು ತರುವ ದೇವಲ, ಅವನನ್ನು ಅಡ್ಡಗಟ್ಟಿದ ಅಸುರರು, ಕಾಯಲು ಬಂದ ಚೌಡೇಶ್ವರಿ, ಅಸುರರ ನೆತ್ತರಿನಿಂದ ನೂಲಿಗೆ ಬಂದ ಬಣ್ಣಗಳು: ಪುರಾಣಗಳ ಮಹಾಸಾಗರದಿಂದ ನೇಕಾರರು ತಮಗಾಗಿ ತೋಡಿಕೊಂಡ ಕಾಲುವೆ ಅದು. ಹೀಗಿರುವಾಗ ಬುಡ ಯಾವುದು, ಕವಲು ಯಾವುದು ಎಂದು ಗೆರೆ ಎಳೆಯುವುದು ಪಂಡಿತರಿಗೇ ಕಷ್ಟ. ನಮ್ಮಲ್ಲಿ ಎಷ್ಟೋ ಮಕ್ಕಳು ಕವಲನ್ನು ಹಿಡಿದೇ ಬುಡದ ಕಡೆಗೆ ಹೋಗಬೇಕಾಗಿದೆ. ಬುಡ ತಿಳಿಯದವನಿಗೆ ಕವಲನ್ನು ಕೊಡಬಾರದೆಂದು ಹಟ ಹಿಡಿದರೆ ಅವರಿಗೆ ಎರಡೂ ದಕ್ಕವು.

ಕೆಲವು ವರ್ಷಗಳ ಹಿಂದೆ, ಕನ್ನಡ ಅಕ್ಷರ ಬಾರದ ಮಕ್ಕಳ ಗುಂಪಿಗೆ ನಾನು ರಾಮಧಾನ್ಯದ ಕಥೆಯನ್ನು ಬಾಯಲ್ಲಿ ಹೇಳಿದ್ದುಂಟು. ಮೊಮ್ಮಗನನ್ನು ಕರೆತಂದಿದ್ದ ಅಜ್ಜಿಯೊಬ್ಬರು "ನಾವು ಉಂಡ ಕಳಿಗೆ ಈಗಲಾದರೂ ಮರ್ಯಾದೆ ಬಂತಲ್ಲ, ಮೇಷ್ಟ್ರೇ" ಎಂದು ನಕ್ಕರು. ಹುಡುಗನೊಬ್ಬ ಇದು ಕಂಬರಾಮಾಯಣದಲ್ಲಿ ಎಲ್ಲಿದೆ ಎಂದು ಕೇಳಿದ. ಎಲ್ಲೂ ಇಲ್ಲ, ಕನಕದಾಸರು ಕಟ್ಟಿದ್ದು ಎಂದೆ. ಅವನ ಮುಖ ಸಪ್ಪಗಾಯಿತು. ಎಲ್ಲರೂ ಏಳುವ ಹೊತ್ತಿಗೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಬಳಿಗೆ ಬಂದು, "ಬೈದದ್ದು ಭತ್ತ ಮೊದಲು. ರಾಗಿ ಏನೂ ತಪ್ಪು ಮಾಡಲಿಲ್ಲ. ಅದನ್ನೂ ಯಾಕೆ ಸಾರ್ ಜೈಲಿಗೆ ಹಾಕಿದರು?" ಎಂದಳು.

ಸೆರೆಯೇ ಇಲ್ಲಿ ಪರೀಕ್ಷೆ, ರಾಗಿ ಎಷ್ಟು ಕಾಲವಿಟ್ಟರೂ ಹುಳು ಹಿಡಿಯದ ಧಾನ್ಯ, ಅದು ಲೋಕಕ್ಕೆ ಕಾಣಲೆಂದು ರಾಮ ಹಾಗೆ ಮಾಡಿದ ಎಂದು ವಿವರಿಸಿದೆ. ವಿವರಣೆ ತಪ್ಪಲ್ಲ, ನಮ್ಮ ಹಿರಿಯರು ಹಗೇವಿನಲ್ಲಿ ರಾಗಿ ತುಂಬಿ ವರ್ಷಗಟ್ಟಲೆ ಇಡುತ್ತಿದ್ದರು. ಆಕೆ ಒಪ್ಪಲಿಲ್ಲ. "ಒಳ್ಳೆಯದು ಅಂತ ತೋರಿಸೋಕೆ ಆರು ತಿಂಗಳು ಕತ್ತಲಲ್ಲಿ ಇರಬೇಕಾ?" ಎಂದಳು.

ಕಥೆ ನಡೆಯುವ ಹೊತ್ತನ್ನು ನೆನೆಯಿರಿ. ರಾಮನು ಲಂಕೆಯಿಂದ ಹೊರಟು ಬಂದಿದ್ದಾನೆ. ತಪ್ಪು ಮಾಡದ ಸೀತೆ ತನ್ನ ಶುದ್ಧಿಯನ್ನು ಲೋಕಕ್ಕೆ ತೋರಿಸಲು ಬೆಂಕಿಗೆ ಇಳಿದು ಎದ್ದುಬಂದದ್ದು ಆಗಷ್ಟೇ. ಕನಕದಾಸರು ಇದನ್ನು ಎಣಿಸಿಯೇ ಕಥೆಯನ್ನು ಅಲ್ಲಿ ನಿಲ್ಲಿಸಿದರೋ ಇಲ್ಲವೋ, ವಾಲ್ಮೀಕಿಯನ್ನೂ ಕಂಬನನ್ನೂ ಪೂರ್ತಿ ಓದದ ಆ ಮಗು ರಾಗಿಯ ಕೈಹಿಡಿದು ರಾಮಾಯಣದ ಅತ್ಯಂತ ಕಠಿಣವಾದ ಪ್ರಶ್ನೆಯ ಮುಂದೆ ತಾನಾಗಿ ಬಂದು ನಿಂತಿದ್ದಳು. ಆಕೆಗೆ ಮುಂದಿನ ಭಾನುವಾರ ಸೀತೆಯ ಕಥೆ ಹೇಳುತ್ತೇನೆಂದೆ. ಅಂದು ಆಕೆ ಇಬ್ಬರು ಗೆಳತಿಯರನ್ನೂ ಕರೆದುಕೊಂಡು ಬಂದಿದ್ದಳು.