ಊರು ಕಳಕೊಂಡವರ ಜಾತಿ

ದೇಶ ಒಡೆದಾಗ ಏನೇನು ಕಳಕೊಂಡೆವು ಅಂತ ಪೂರ್ವ ಬಂಗಾಳದಿಂದ ಓಡಿ ಬಂದವರ ಸಿನಿಮಾಗಳು ಅತ್ತು ಹೇಳಿವೆ. ಮನೆ ಹೋಯ್ತು, ಹೊಳೆ ಹೋಯ್ತು, ಹಾಡು ಹೋಯ್ತು. ಆ ಕಣ್ಣೀರು ಸುಳ್ಳಲ್ಲ. ಆದರೆ ಊರಾಚೆಯ ಕೇರಿಯಲ್ಲಿ ಹುಟ್ಟಿದ ನಾವು ಆ ಪರದೆಯ ಮುಂದೆ ಕೂತಾಗ ಒಂದು ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ: ಎಲ್ಲ ಕಳಕೊಂಡವರು ಜಾತಿ ಒಂದನ್ನು ಮಾತ್ರ ಹೇಗೆ ಉಳಿಸಿಕೊಂಡರು? ಪಾತ್ರೆ ಪಡಗ ಬಿಟ್ಟು ಬಂದವರು ಅದನ್ನು ಮಡಿಲಲ್ಲಿ ಕಟ್ಟಿಕೊಂಡೇ ಗಡಿ ದಾಟಿದರಲ್ಲ!

ಇದನ್ನು ಮುಚ್ಚಿಡದವನು ಋತ್ವಿಕ್ ಘಟಕ್. 1925ರಲ್ಲಿ ಢಾಕಾದಲ್ಲಿ ಹುಟ್ಟಿದ ಮೇಲ್ಜಾತಿಯ ಮನುಷ್ಯ. 1965ರಲ್ಲಿ ತೆರೆಗೆ ಬಂದ ಅವನ 'ಸುವರ್ಣರೇಖಾ' ಸುರುವಾಗೋದು ನಿರಾಶ್ರಿತರ ಕಾಲೊನಿಯೊಂದರಲ್ಲಿ. ಕಾಲೊನಿಯ ಹೆಸರು 'ನವಜೀವನ'! ಅಲ್ಲಿಗೆ ಬಾಗ್ದಿ ಜಾತಿಯ ಕೌಶಲ್ಯ ಮಗನ ಕೈ ಹಿಡಕೊಂಡು ಬರ್ತಾಳೆ. ಅವಳಿಗೆ ಜಾಗವಿಲ್ಲ. ಜಮೀನ್ದಾರನ ಆಳುಗಳು ಅವಳನ್ನು ಎಳಕೊಂಡು ಹೋಗ್ತಾರೆ. ಹುಡುಗ ಅಭಿರಾಮ ಉಳೀತಾನೆ. ಈಶ್ವರ ಚಕ್ರವರ್ತಿ ಅನ್ನೋ ಬ್ರಾಹ್ಮಣ ಅವನನ್ನು ತನ್ನ ತಂಗಿ ಸೀತೆಯ ಜೊತೆ ಸಾಕ್ತಾನೆ. ಒಳ್ಳೆಯವನೇ. ವರ್ಷಗಳಾದ ಮೇಲೆ ರೈಲು ನಿಲ್ದಾಣದಲ್ಲಿ ಸಾಯ್ತಾ ಬಿದ್ದ ಹೆಂಗಸೊಬ್ಬಳಲ್ಲಿ ಅಭಿರಾಮ ತನ್ನ ತಾಯನ್ನು ಗುರುತಿಸ್ತಾನೆ. ಬಾಗ್ದಿ ಹೆಂಗಸಿನ ಮಗ ಅಂತ ಎಲ್ಲರಿಗೂ ಗೊತ್ತಾಯ್ತು. ಸೀತೆಯನ್ನು ಅವನಿಗೆ ಕೊಡೋಕೆ ಈಶ್ವರ ಒಪ್ಪಲ್ಲ. ಮಗನ ಹಾಗೆ ಸಾಕಿದವನ ಕರುಣೆಯ ಗಡಿ ಇಷ್ಟೇ: ಅನ್ನ ಕೊಡ್ತಾನೆ, ಹೆಣ್ಣು ಕೊಡಲ್ಲ. ಈ ಗಡಿಯನ್ನು ಯಾವ ದೊರೆ ಬಂದು ಗೆರೆ ಎಳೆದಿದ್ದು, ಹೇಳಿ?

1973ರ 'ತಿತಾಸ್ ಏಕ್ಟಿ ನದೀರ್ ನಾಮ್' ಚಿತ್ರವನ್ನು ಘಟಕ್ ಬಾಂಗ್ಲಾದೇಶಕ್ಕೇ ಹೋಗಿ ಮಾಡಿದ. ಕತೆ ಮಾತ್ರ ಅದ್ವೈತ ಮಲ್ಲಬರ್ಮನ್‌ದು. ಮಾಲೋ ಅನ್ನೋ ಬೆಸ್ತರ ಕುಲದಲ್ಲಿ ಹುಟ್ಟಿ, 1951ರಲ್ಲಿ ಕ್ಷಯದಿಂದ ತೀರಿಕೊಂಡವನು. ಕಾದಂಬರಿ ಪುಸ್ತಕವಾದದ್ದು 1956ರಲ್ಲಿ. ಇಲ್ಲಿ ಯಾರೂ ದೇಶ ಬಿಡಬೇಕಿಲ್ಲ, ನೋಡಿ. ಹೊಳೆಯಲ್ಲಿ ಹೂಳು ತುಂಬುತ್ತೆ, ಮೀನು ಹೋಗುತ್ತೆ, ಮೇಲೆದ್ದ ನೆಲಕ್ಕೆ ಉಳ್ಳವರು ಮುಗಿಬೀಳ್ತಾರೆ. ಮಾಲೋಗಳು ಕೂತಲ್ಲೇ ನಿರಾಶ್ರಿತರು. ತಾಯ್ನಾಡು ಅಂದರೆ ಜಮೀನಿದ್ದವನಿಗೆ ಒಂದು, ಬಲೆ ಬೀಸಿದವನಿಗೆ ಇನ್ನೊಂದು.

ಬಂದವರೆಲ್ಲ ಒಂದೇ ರೈಲಿನಲ್ಲಿ ಬರಲಿಲ್ಲ. ಓದಿದವರು, ಕಲ್ಕತ್ತೆಯಲ್ಲಿ ನಂಟರಿದ್ದವರು ಮೊದಲು ಬಂದರು. ಉಳುವ ನಾಮಶೂದ್ರರು ಹೆಚ್ಚಾಗಿ ಬಂದದ್ದು 1950ರ ಗಲಭೆಗಳ ನಂತರ. ಅವರಲ್ಲಿ ಸಾವಿರಾರು ಜನಕ್ಕೆ ಸಿಕ್ಕಿದ್ದು ದಂಡಕಾರಣ್ಯದ ಬರಡು ನೆಲ. 1978ರಲ್ಲಿ ಅಲ್ಲಿಂದ ಎದ್ದು ಸುಂದರಬನದ ಮರಿಚ್‌ಝಾಪಿ ದ್ವೀಪಕ್ಕೆ ಹೋಗಿ ಗುಡಿಸಲು ಹಾಕಿದರು. 1979ರ ಜನವರಿಯಲ್ಲಿ ಎಡರಂಗ ಸರ್ಕಾರದ ಪೊಲೀಸರು ದ್ವೀಪವನ್ನು ಸುತ್ತುವರಿದು ಅನ್ನ ನೀರು ತಡೆದರು; ಮೇ ತಿಂಗಳಲ್ಲಿ ಗುಡಿಸಲಿಗೆ ಬೆಂಕಿ ಇಟ್ಟು ಓಡಿಸಿದರು. ಪತ್ರಕರ್ತರನ್ನೂ ಒಳಕ್ಕೆ ಬಿಡಲಿಲ್ಲ. ಕೌಶಲ್ಯಳಿಗಾದದ್ದೇ ಒಂದಿಡೀ ದ್ವೀಪಕ್ಕಾಯ್ತು.

ಇದೇ ನಾಮಶೂದ್ರರು ನಮ್ಮ ರಾಯಚೂರು ಜಿಲ್ಲೆ ಸಿಂಧನೂರಿನ ಕ್ಯಾಂಪುಗಳಲ್ಲೂ ಇದ್ದಾರೆ. ಪಶ್ಚಿಮ ಬಂಗಾಳದಲ್ಲಿ ಅವರು ಪರಿಶಿಷ್ಟ ಜಾತಿ. ಇಲ್ಲಿಗೆ ಬಂದ ಮೇಲೆ ಆ ಸರ್ಟಿಫಿಕೇಟಿಗಾಗಿ ವರ್ಷಾನುಗಟ್ಟಲೆ ಅರ್ಜಿ ಹಿಡಕೊಂಡು ಕಚೇರಿ ಕಚೇರಿ ಅಲೆದರು.